ಪ್ಯಾಚ್ ಆಂಟೆನಾದ ಬ್ಯಾಂಡ್‌ವಿಡ್ತ್ ಹೆಚ್ಚಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಆಂಟೆನಾ ವಿಷಯ ಕೇಳಿಕೊಂಡು ನನ್ನ ಹತ್ತಿರ ಬರುವವರು ಮೂರು ತರಹದವರು. ಫೈನಲ್ ಇಯರ್ ಪ್ರಾಜೆಕ್ಟ್ ಹಿಡಿದ ಎಂಜಿನಿಯರಿಂಗ್ ಮಕ್ಕಳು, ಬೈತಖೋಲ ಬಂದರಿನ ಬೋಟಿನವರು, ಮತ್ತೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಕಡೆಯ ತೋಟದವರು. ಅವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಲೆಕ್ಕ ಬೇಕಾದಷ್ಟೇ ಇದೆ. ಉಳಿದದ್ದು ಮೇಜಿನ ಮೇಲೆ ಮಾಡಿ ನೋಡಿದ್ದು.

ಮೈಕ್ರೋಸ್ಟ್ರಿಪ್ ಪ್ಯಾಚ್ ಆಂಟೆನಾ ಅಂದರೆ ಏನು?

ಕೆಳಗೆ ಒಂದು ಲೋಹದ ಹಾಳೆ, ಅದು ಗ್ರೌಂಡ್. ಮೇಲೆ ಒಂದು ಚಿಕ್ಕ ಲೋಹದ ತುಂಡು, ಅದು ಪ್ಯಾಚ್. ನಡುವೆ ಕರೆಂಟ್ ಹರಿಯದ ಒಂದು ಪದರ, ಅದು ಸಬ್‌ಸ್ಟ್ರೇಟ್. ಇಷ್ಟೇ. ಪ್ಯಾಚಿನ ಉದ್ದ ಆ ಪದರದೊಳಗಿನ ಅರ್ಧ ತರಂಗಾಂತರದಷ್ಟು ಇರುತ್ತದೆ. ಎರಡು ಅಂಚುಗಳಿಂದ ಸಿಗ್ನಲ್ ಹೊರಗೆ ಹೋಗುತ್ತದೆ. ಈ ಯೋಚನೆಯನ್ನು 1953ರಲ್ಲಿ ಡೆಶಾಂಪ್ಸ್ ಮುಂದಿಟ್ಟರು. ಕೈಗೆ ಬರುವ ಆಂಟೆನಾ ಆಗಿದ್ದು 1970ರ ದಶಕದಲ್ಲಿ, ಮನ್ಸನ್ ಮತ್ತು ಹೋವೆಲ್ ಅವರ ಕೆಲಸದಿಂದ. ನಿಮ್ಮ ಮೊಬೈಲಿನ ಒಳಗೆ, ಬೋಟಿನ ಜಿಪಿಎಸ್ ಡಬ್ಬಿಯಲ್ಲಿ, ಟವರ್ ಮೇಲಿನ ಚಪ್ಪಟೆ ಪೆಟ್ಟಿಗೆಯಲ್ಲಿ ಇರುವುದು ಇದರ ಬಂಧು-ಬಳಗವೇ.

ಬ್ಯಾಂಡ್‌ವಿಡ್ತ್ ಅಂದರೆ ಇಂಟರ್ನೆಟ್ ಸ್ಪೀಡಾ?

ಅಲ್ಲ. ಇಲ್ಲಿ ಬ್ಯಾಂಡ್‌ವಿಡ್ತ್ ಅಂದರೆ ಆಂಟೆನಾ ಸರಿಯಾಗಿ ಕೆಲಸ ಮಾಡುವ ಫ್ರೀಕ್ವೆನ್ಸಿಯ ಅಗಲ. ಸಾಮಾನ್ಯವಾಗಿ ಎಸ್11 ಅನ್ನುವ ಅಳತೆ ಮೈನಸ್ 10 ಡಿಬಿಗಿಂತ ಕೆಳಗಿರುವ ಜಾಗವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಮೈನಸ್ 10 ಅಂದರೆ ಕೊಟ್ಟ ಪವರ್‌ನಲ್ಲಿ ಹತ್ತರಲ್ಲಿ ಒಂದು ಪಾಲು ವಾಪಸ್ ಬಂತು, ಒಂಬತ್ತು ಪಾಲು ಆಂಟೆನಾದೊಳಗೆ ಹೋಯಿತು. ಒಳಗೆ ಹೋದದ್ದೆಲ್ಲ ಗಾಳಿಗೆ ಹೋಯಿತು ಅಂತ ಅರ್ಥ ಅಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಶೇಕಡಾ ಲೆಕ್ಕ ಹೀಗೆ: ಮೇಲಿನ ಫ್ರೀಕ್ವೆನ್ಸಿಯಿಂದ ಕೆಳಗಿನದನ್ನು ಕಳೆದು, ನಡುವಿನದರಿಂದ ಭಾಗಿಸಿ, ನೂರರಿಂದ ಗುಣಿಸಿ.

ಪ್ಯಾಚಿನ ಬ್ಯಾಂಡ್‌ವಿಡ್ತ್ ಯಾಕೆ ಇಷ್ಟು ಕಡಿಮೆ?

ದೇವಸ್ಥಾನದ ದೊಡ್ಡ ಗಂಟೆ ಹೊಡೆದು ನೋಡಿ. ಒಂದೇ ಸ್ವರ, ತುಂಬಾ ಹೊತ್ತು ಗುಂಯ್ ಅನ್ನುತ್ತದೆ. ಹೊಡೆತದ ಶಕ್ತಿಯನ್ನು ಗಂಟೆ ತನ್ನೊಳಗೆ ಹಿಡಿದಿಟ್ಟು, ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ಹೆಚ್ಚು ಹೊತ್ತು ಹಿಡಿದಿಡುವ ಯಾವ ವಸ್ತುವೂ ತನ್ನ ಸ್ವರ ಬಿಟ್ಟು ಬೇರೆ ಸ್ವರಕ್ಕೆ ಒಗ್ಗುವುದಿಲ್ಲ. ಪ್ಯಾಚೂ ಹಾಗೆಯೇ. ಪ್ಯಾಚಿಗೂ ಗ್ರೌಂಡಿಗೂ ನಡುವೆ 1.6 ಮಿ.ಮೀ. ಸಂದಿ ಇದೆ ಅಂದರೆ ಶಕ್ತಿಯೆಲ್ಲ ಆ ಸಂದಿಯಲ್ಲೇ ಓಡಾಡುತ್ತಿರುತ್ತದೆ. ಅಂಚಿನಿಂದ ಹೊರಗೆ ಬರಲು ದಾರಿ ಕಿರಿದು. ಹಿಡಿದಿಟ್ಟ ಶಕ್ತಿಗೂ ಪ್ರತಿ ಸುತ್ತಿನಲ್ಲಿ ಬಿಡುವ ಶಕ್ತಿಗೂ ಇರುವ ಅನುಪಾತವನ್ನು ಕ್ಯೂ ಅನ್ನುತ್ತಾರೆ. ಕ್ಯೂ ಜಾಸ್ತಿ ಆದರೆ ಬ್ಯಾಂಡ್‌ವಿಡ್ತ್ ಕಡಿಮೆ.

ಸಂದಿ ತೆಳ್ಳಗಿದ್ದಷ್ಟೂ ಕ್ಯೂ ಏರುತ್ತದೆ. ಸಬ್‌ಸ್ಟ್ರೇಟಿನ ಡೈಎಲೆಕ್ಟ್ರಿಕ್ ಸಂಖ್ಯೆ, ಅಂದರೆ ಆ ವಸ್ತು ವಿದ್ಯುತ್ ಶಕ್ತಿಯನ್ನು ಗಾಳಿಗಿಂತ ಎಷ್ಟು ಪಟ್ಟು ಹಿಡಿದಿಡುತ್ತದೆ ಅನ್ನುವ ಸಂಖ್ಯೆ, ಹೆಚ್ಚಿದ್ದಷ್ಟೂ ಏರುತ್ತದೆ. ಬ್ಯಾಂಡ್‌ವಿಡ್ತ್ ಹೆಚ್ಚಿಸುವ ದಾರಿಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಈ ಎರಡನ್ನು ಸಡಿಲಿಸುತ್ತವೆ. ಇಲ್ಲವೇ ಒಂದು ಗಂಟೆಯ ಪಕ್ಕದಲ್ಲಿ ಸ್ವಲ್ಪ ಬೇರೆ ಸ್ವರದ ಇನ್ನೊಂದು ಗಂಟೆ ಕಟ್ಟುತ್ತವೆ.

ನನಗೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕು?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಯಾರೂ ಕೇಳುವುದಿಲ್ಲ. "ಸರ್, ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಬೇಕು" ಅಂತ ಬರುತ್ತಾರೆ. ಎಷ್ಟು, ಯಾಕೆ ಅಂದರೆ ಸುಮ್ಮನೆ ನಿಲ್ಲುತ್ತಾರೆ.

2.4 ಗಿಗಾಹರ್ಟ್ಸ್ ವೈಫೈ 2400ರಿಂದ 2483.5 ಮೆಗಾಹರ್ಟ್ಸ್ ವರೆಗೆ ಇದೆ. ಅಂದರೆ ಶೇ. 3.4. ಜಿಪಿಎಸ್‌ನ ಮುಖ್ಯ ಸಿಗ್ನಲ್ ಎಲ್1ಕ್ಕೆ 1575.42 ಮೆಗಾಹರ್ಟ್ಸ್ ಸುತ್ತ ಬರೀ 2 ಮೆಗಾಹರ್ಟ್ಸ್ ಸಾಕು. ತೋಟದ ತೇವಾಂಶ ಅಳೆಯುವ ಲೋರಾ (ಕಡಿಮೆ ಪವರ್‌ನಲ್ಲಿ ದೂರ ಮುಟ್ಟುವ ರೇಡಿಯೋ) ಸೆನ್ಸಾರ್ ನಮ್ಮ ದೇಶದಲ್ಲಿ 865ರಿಂದ 867ರಲ್ಲಿ ಓಡುತ್ತದೆ, ಶೇ. 0.23 ಆದರೆ ಆಯಿತು. ಇದಕ್ಕೆ ಬ್ರಾಡ್‌ಬ್ಯಾಂಡ್ ಪ್ಯಾಚ್ ಮಾಡಲು ಕೂರುವುದು ಸಮಯ ದಂಡ. ಅದೇ 5ಜಿಯ 3300ರಿಂದ 3670ರ ಬ್ಯಾಂಡ್ ಹಿಡಿದರೆ ಶೇ. 10.6 ಬೇಕು. 1800ರ 4ಜಿ ಬ್ಯಾಂಡಿನಲ್ಲಿ ಫೋನಿನಿಂದ ಟವರಿಗೆ 1710–1785, ಟವರಿನಿಂದ ಫೋನಿಗೆ 1805–1880. ಎರಡೂ ಬೇಕಲ್ಲ, ಹಾಗಾಗಿ ಶೇ. 9.5.

ಇದರ ಮೇಲೆ ಸ್ವಲ್ಪ ಮೀಸಲು ಇಟ್ಟುಕೊಳ್ಳಬೇಕು. ಸರ್ಕ್ಯೂಟುಗಳಿಗೆ ಬಳಸುವ ಸಾಮಾನ್ಯ ಫೈಬರ್‌ಗ್ಲಾಸ್ ಬೋರ್ಡು ಎಫ್‌ಆರ್4. ಅದರ ಡೈಎಲೆಕ್ಟ್ರಿಕ್ ಸಂಖ್ಯೆ 4.4 ಅಂತ ಹಿಡಿದು ಲೆಕ್ಕ ಹಾಕಿರುತ್ತೀರಿ. ಕೈಗೆ ಬಂದ ಬೋರ್ಡಿನಲ್ಲಿ ಅದು 4.6 ಇದ್ದರೆ ಫ್ರೀಕ್ವೆನ್ಸಿ ಶೇ. 2ಕ್ಕಿಂತ ಜಾಸ್ತಿ ಕೆಳಗೆ ಜಾರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಅದು 50 ಮೆಗಾಹರ್ಟ್ಸ್ ದಾಟಿತು. ಆಂಟೆನಾ ತಪ್ಪಿಲ್ಲ, ಆದರೂ ಬ್ಯಾಂಡ್ ತಪ್ಪಿತು.

ದಪ್ಪ ಮಾಡಿದರೆ ಸಾಕಲ್ವಾ?

ಹೌದು. ನನ್ನ ಪ್ರಕಾರ ಮೊದಲು ಮಾಡಿ ನೋಡಬೇಕಾದದ್ದು ಇದನ್ನೇ. ಎತ್ತರ ಹೆಚ್ಚಿಸಿ, ಡೈಎಲೆಕ್ಟ್ರಿಕ್ ಸಂಖ್ಯೆ ಇಳಿಸಿ. ಎಲ್ಲಕ್ಕಿಂತ ಕಡಿಮೆ ಇರುವುದು ಗಾಳಿಗೆ, 1. ಗಾಳಿಗೆ ತೀರಾ ಹತ್ತಿರದ್ದು ಥರ್ಮಾಕೋಲ್, ಸುಮಾರು 1.05. ಕಾರವಾರದಲ್ಲಿ ಥರ್ಮಾಕೋಲಿಗೆ ಬರವೇ? ಮೀನಿನ ಪೆಟ್ಟಿಗೆಗಳು ಬಂದರಿನಲ್ಲಿ ರಾಶಿ ಬಿದ್ದಿರುತ್ತವೆ.

ನಾನು ಮಕ್ಕಳಿಂದ ಮಾಡಿಸುವ ಮೊದಲ ಆಂಟೆನಾ ಇಂಥ ಪೆಟ್ಟಿಗೆಯದ್ದೇ. ಪೆಟ್ಟಿಗೆಯನ್ನು ಸಿಹಿ ನೀರಿನಲ್ಲಿ ತೊಳೆದು ಎರಡು ದಿನ ಒಣಗಿಸಬೇಕು. ಕಾಳುಗಳ ಸಂದಿಯಲ್ಲಿ ಉಪ್ಪು ನೀರು ನಿಂತಿರುತ್ತದೆ, ಅದು ಉಳಿದರೆ ಅಳತೆ ಕೆಡುತ್ತದೆ. ಆಮೇಲೆ ಅದರಿಂದ 6 ಮಿ.ಮೀ. ದಪ್ಪದ ಹಲಗೆ ಕೊಯ್ಯಬೇಕು. ಬಿಸಿ ತಂತಿಯಿಂದ ಕೊಯ್ದರೆ ಮೈ ನುಣ್ಣಗೆ ಬರುತ್ತದೆ, ಬ್ಲೇಡಿನಿಂದ ಕೊಯ್ದರೆ ಕಾಳು ಉದುರುತ್ತದೆ. ಗ್ರೌಂಡಿಗೆ 12 ಸೆಂ.ಮೀ. ಚೌಕದ ಹಿತ್ತಾಳೆ ತಗಡು. ಪ್ಯಾಚಿಗೆ ತೆಳು ತಾಮ್ರದ ತಗಡು, 2.45 ಗಿಗಾಹರ್ಟ್ಸ್‌ಗೆ ಉದ್ದ ಸುಮಾರು 52 ಮಿ.ಮೀ., ಅಗಲ 60. ಎಫ್‌ಆರ್4 ಆಗಿದ್ದರೆ ಉದ್ದ 29 ಸಾಕಿತ್ತು. ದೊಡ್ಡದಾಯಿತು, ದಪ್ಪವಾಯಿತು. ಕೊಡಬೇಕಾದ ಬೆಲೆ ಅದೇ.

ಕೇಬಲ್ಲಿನಿಂದ ಪ್ಯಾಚಿಗೆ ಸಿಗ್ನಲ್ ಕೊಡುವ ಫೀಡ್ ಪಿನ್ನನ್ನು ಅಂಚಿನಿಂದ ಉದ್ದದ ಮೂರನೇ ಒಂದು ಭಾಗ ಒಳಗೆ ಇಟ್ಟು ಶುರು ಮಾಡಿ, ಅಲ್ಲಿಂದ ಆಚೀಚೆ ಸರಿಸಿ ಹೊಂದಿಸಿ. ಬೆಸುಗೆ ಹಾಕುವಾಗ ಥರ್ಮಾಕೋಲ್ ಒಳಗಿರಬಾರದು, ಕರಗಿ ಗುಂಡಿ ಬೀಳುತ್ತದೆ. ಪಿನ್ ಬೆಸೆದ ಮೇಲೆ ಥರ್ಮಾಕೋಲನ್ನು ಎರಡು ತುಂಡು ಮಾಡಿ ಪಕ್ಕದಿಂದ ತೂರಿಸಿ. ಅಂಟಿಸಲು ಬಿಳಿ ಫೆವಿಕಾಲ್ ಬಳಸಿ. ಚಪ್ಪಲಿ ಅಂಟಿಸುವ ಗೋಂದು ಥರ್ಮಾಕೋಲನ್ನೇ ತಿಂದು ಹಾಕುತ್ತದೆ.

ಇದರಲ್ಲಿ ಬ್ಯಾಂಡ್‌ವಿಡ್ತ್ ಶೇ. 6ರಿಂದ 8 ಬರುತ್ತದೆ. ವೈಫೈಗೆ ಬೇಕಾದದ್ದರ ಎರಡು ಪಟ್ಟು. ಹಾಕಿದ ಪವರ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಗಾಳಿಗೇ ಹೋಗುತ್ತದೆ. ಎಸ್11 ಅಳೆಯುವ ಅನಲೈಸರಿನ ಪರದೆ ಮೇಲೆ ಗ್ರಾಫ್ ಕೆಳಗಿಳಿದು ಆ ಅಗಲದ ಕಣಿವೆ ಮೊದಲ ಸಲ ಮೂಡಿದಾಗ ಮಕ್ಕಳ ಮುಖ ನೋಡಬೇಕು. ಮೀನಿನ ಪೆಟ್ಟಿಗೆ ಇಷ್ಟು ಮಾಡೀತು ಅಂತ ಅವರು ಅಂದುಕೊಂಡೇ ಇರುವುದಿಲ್ಲ.

ಹಾಗಾದರೆ ಇನ್ನೂ ದಪ್ಪ ಮಾಡೋಣ, 20 ಮಿ.ಮೀ.?

ಇಲ್ಲೇ ತೊಡಕು. ದಪ್ಪ ಹೆಚ್ಚಿದಂತೆ ಫೀಡ್ ಪಿನ್ ಉದ್ದವಾಗುತ್ತದೆ. ಉದ್ದ ಪಿನ್ ಅಂದರೆ ಒಂದು ಇಂಡಕ್ಟರ್ (ಸುರುಳಿ ತಂತಿ) ಇದ್ದ ಹಾಗೆ. ಅದು ಮ್ಯಾಚಿಂಗ್ (ಕೇಬಲ್ಲಿಗೂ ಆಂಟೆನಾಗೂ ಇರುವ ಹೊಂದಿಕೆ) ಕೆಡಿಸುತ್ತದೆ, ಕಣಿವೆ ಆಳಕ್ಕೆ ಇಳಿಯುವುದೇ ಇಲ್ಲ. ಪಿನ್ ತಾನೇ ಸಣ್ಣ ಆಂಟೆನಾ ಆಗಿ ಬೇಡದ ದಿಕ್ಕಿಗೆ ಬೇಡದ ಪೋಲರೈಸೇಶನ್ (ತರಂಗ ಅಲುಗಾಡುವ ದಿಕ್ಕು) ಇರುವ ಸಿಗ್ನಲ್ ಬಿಡುತ್ತದೆ. ಗಾಳಿಯ ಬದಲು ಡೈಎಲೆಕ್ಟ್ರಿಕ್ ಸಂಖ್ಯೆ ಹೆಚ್ಚಿರುವ ದಪ್ಪ ಬೋರ್ಡ್ ಬಳಸಿದರೆ ಇನ್ನೊಂದು ಕಾಟ: ಶಕ್ತಿ ಬೋರ್ಡಿನ ಮೈಯಲ್ಲೇ ಸರ್ಫೇಸ್ ವೇವ್ ಆಗಿ ಹರಿದು ಅಂಚಿನಲ್ಲಿ ಚೆಲ್ಲುತ್ತದೆ.

ಯು-ಸ್ಲಾಟ್ ಮಾಡಿದರೆ ಬ್ಯಾಂಡ್‌ವಿಡ್ತ್ ಶೇ. 30 ಬರುತ್ತದಂತೆ, ನಿಜವಾ?

ನಿಜ. ಆದರೆ ಅರ್ಧ ನಿಜ ಮಾತ್ರ ಎಲ್ಲರಿಗೂ ಗೊತ್ತು.

1995ರಲ್ಲಿ ಹ್ಯೂನ್ ಮತ್ತು ಲೀ ಪ್ಯಾಚಿನ ನಡುವೆ ಯು ಆಕಾರದ ಸೀಳು ಕೊಯ್ದು ಶೇ. 30ಕ್ಕೂ ಹೆಚ್ಚು ತೋರಿಸಿದರು. 2001ರಲ್ಲಿ ರಹಮತ್-ಸಮಿ ಮತ್ತು ಅವರ ಜೊತೆಗಾರರು ಎರಡು ಸೀಳು ಹಾಕಿದ ಇ-ಆಕಾರದ ಪ್ಯಾಚಿನಲ್ಲಿ ಶೇ. 30 ಮುಟ್ಟಿದರು. ಎಲ್ಲರೂ ಸೀಳನ್ನು ನೋಡುತ್ತಾರೆ, ಸೀಳಿನ ಕೆಳಗಿನ ದಪ್ಪ ಗಾಳಿ ಪದರವನ್ನು ನೋಡುವುದಿಲ್ಲ. ಹಿಂದಿನ ಪ್ರಶ್ನೆಯಲ್ಲಿ ಹೇಳಿದ ಉದ್ದ ಪಿನ್ನಿನ ಇಂಡಕ್ಟನ್ಸನ್ನು ಅದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಸೀಳಿನ ಕೆಪಾಸಿಟನ್ಸ್ ತಿಂದು ಹಾಕುತ್ತದೆ. ಜೊತೆಗೆ ಕರೆಂಟಿಗೆ ಇನ್ನೊಂದು ಸುತ್ತುದಾರಿ ಸಿಕ್ಕಿ ಎರಡನೇ ಸ್ವರ ಹುಟ್ಟುತ್ತದೆ. ಎರಡೂ ಸ್ವರ ಪಕ್ಕಪಕ್ಕ ಕೂತರೆ ಕಣಿವೆ ಅಗಲವಾಗುತ್ತದೆ.

1.6 ಮಿ.ಮೀ. ಎಫ್‌ಆರ್4 ಮೇಲೆ ಅದೇ ಯು ಕೊಯ್ದರೆ? ಸಿಗುವುದು ಬೇರೆ ಬೇರೆ ಎರಡು ಸಪೂರ ಕಣಿವೆ. ಡ್ಯುಯಲ್ ಬ್ಯಾಂಡ್ ಬೇಕಿದ್ದವರಿಗೆ ಒಳ್ಳೆಯದೇ, ಬ್ರಾಡ್‌ಬ್ಯಾಂಡ್ ಬೇಕಿದ್ದವರಿಗೆ ಅಲ್ಲ. ದಪ್ಪ ಕೊಡದೆ ಸೀಳು ಮಾತ್ರ ಕೊಯ್ದು "ಯಾಕೆ ಬರ್ತಿಲ್ಲ ಸರ್" ಅಂದವರು ಎಷ್ಟೋ ಮಂದಿ.

ಪಿನ್ನನ್ನು ಪ್ಯಾಚಿಗೆ ಮುಟ್ಟಿಸದೆ, ಅದರ ಅಡಿಯಲ್ಲಿ ಎಲ್ ಆಕಾರಕ್ಕೆ ಬಗ್ಗಿಸಿ ಇಡುವ ಎಲ್-ಪ್ರೋಬ್ ಕೂಡ ಇದೇ ಕೆಲಸ ಮಾಡುತ್ತದೆ. 1998ರಲ್ಲಿ ಲುಕ್ ಮತ್ತು ಜೊತೆಗಾರರು ಅದರಿಂದ ಶೇ. 35 ತೆಗೆದರು. ಮನೆಯಲ್ಲಿ ಮಾಡುವವರಿಗೆ ನಾನು ಹೇಳುವುದು ಇದನ್ನೇ. ತಂತಿ ಬಗ್ಗಿಸುವುದು, ಸೀಳು ಕೊಯ್ಯುವುದಕ್ಕಿಂತ ಸುಲಭ.

ಪ್ಯಾಚಿನ ಮೇಲೆ ಪ್ಯಾಚ್, ಪಕ್ಕದಲ್ಲಿ ಪ್ಯಾಚ್: ಯಾವುದು ಒಳ್ಳೆಯದು?

ಪಕ್ಕದಲ್ಲಿ ಇಟ್ಟರೆ ಅದು ಗ್ಯಾಪ್ ಕಪಲಿಂಗ್. ಗಿರೀಶ್ ಕುಮಾರ್ ಮತ್ತು ಕೆ.ಸಿ. ಗುಪ್ತಾ 1984ರಲ್ಲೇ ಇದರ ಬಗ್ಗೆ ಬರೆದರು, ನಮ್ಮವರ ಕೆಲಸ ಅನ್ನುವ ಹೆಮ್ಮೆ ನನಗಿದೆ. ಬೋರ್ಡ್ ತೆಳ್ಳಗೇ ಉಳಿಯುತ್ತದೆ, ಆದರೆ ಅಡ್ಡಕ್ಕೆ ಜಾಗ ತಿನ್ನುತ್ತದೆ. ಫ್ರೀಕ್ವೆನ್ಸಿ ಬದಲಾದಂತೆ ಬೀಮ್ (ಸಿಗ್ನಲ್ ಹೆಚ್ಚಾಗಿ ಹೋಗುವ ದಿಕ್ಕು) ಒಂದು ಬದಿಗೆ ವಾಲುವುದೂ ಇದೆ.

ಮೇಲೆ ಇಟ್ಟರೆ ಅದು ಸ್ಟ್ಯಾಕ್ಡ್ ಪ್ಯಾಚ್. ಬೀಮ್ ನೆಟ್ಟಗೆ ನಿಲ್ಲುತ್ತದೆ, ಶೇ. 10ರಿಂದ 25 ಸಿಗುತ್ತದೆ. ಎರಡು ಪ್ಯಾಚ್‌ಗಳ ನಡುವಿನ ಎತ್ತರ ಅರ್ಧ ಮಿ.ಮೀ. ಬದಲಾದರೂ ಗ್ರಾಫ್ ಬದಲಾಗುತ್ತದೆ, ತಾಳ್ಮೆ ಬೇಕು. ನನ್ನ ಆಯ್ಕೆ ಯಾವಾಗಲೂ ಇದೇ.

ಅಪರ್ಚರ್ ಕಪಲಿಂಗ್ ಕಷ್ಟವಾ?

ಗ್ರೌಂಡಿನಲ್ಲಿ ಒಂದು ಸಣ್ಣ ಸೀಳು, ಅದರ ಹಿಂದೆ ಫೀಡ್ ಲೈನ್, ಮುಂದೆ ಪ್ಯಾಚ್. 1985ರಲ್ಲಿ ಪೋಝಾರ್ ತೋರಿಸಿದ ದಾರಿ. ಪಿನ್ನೇ ಇಲ್ಲ, ಹಾಗಾಗಿ ಪಿನ್ನಿನ ಕಾಟವೂ ಇಲ್ಲ. ಪದರಗಳನ್ನು ಸರಿಯಾಗಿ ಕೂರಿಸುವುದೇ ಕಷ್ಟ, ಮತ್ತೆ ಸೀಳಿನಿಂದ ಹಿಂದಕ್ಕೂ ಸ್ವಲ್ಪ ಸಿಗ್ನಲ್ ಸೋರುತ್ತದೆ.

ಆಂಟೆನಾ ಮುಟ್ಟದೆ, ಮ್ಯಾಚಿಂಗ್ ಸರ್ಕ್ಯೂಟ್ ಹಾಕಿದರೆ?

ಒಂದು ಸರಿಯಾದ ಮ್ಯಾಚಿಂಗ್ ಹಂತ ಹಾಕಿದರೆ ಬ್ಯಾಂಡ್‌ವಿಡ್ತ್ ಸುಮಾರು ಎರಡು ಪಟ್ಟಾಗುತ್ತದೆ. ಎಷ್ಟೇ ಹಂತ ಹಾಕಿದರೂ ನಾಲ್ಕು ಪಟ್ಟಿನ ಆಸುಪಾಸಿನಲ್ಲಿ ಗೋಡೆ ಇದೆ. ಅದನ್ನು ಬೋಡೆ-ಫ್ಯಾನೋ ಮಿತಿ ಅನ್ನುತ್ತಾರೆ. ಅದನ್ನು ಯಾವ ಜಾಣತನವೂ ದಾಟಲಾರದು.

ಗ್ರೌಂಡನ್ನು ಅರ್ಧ ಕತ್ತರಿಸಿದೆ, ಬ್ಯಾಂಡ್‌ವಿಡ್ತ್ ಶೇ. 80 ಬಂತು! ಪ್ರಾಜೆಕ್ಟ್ ಮುಗಿಯಿತಾ?

ಇಲ್ಲ ಮಗಾ. ಗ್ರೌಂಡ್ ಕತ್ತರಿಸಿದ ಮೇಲೆ ಅದು ಪ್ಯಾಚ್ ಆಂಟೆನಾ ಅಲ್ಲ, ಬೋರ್ಡಿನ ಮೇಲೆ ಬರೆದ ಮೋನೋಪೋಲ್, ಅಂದರೆ ಕೋಲಿನಂಥ ಆಂಟೆನಾ. ಮೋನೋಪೋಲಿಗೆ ಅಷ್ಟು ಅಗಲ ಸಹಜ. ಪ್ಯಾಚಿನ ಗುಣ ಮುಂದಕ್ಕೆ ಮಾತ್ರ ಕೊಡುವುದು, ಹಿಂದಿನ ಗೋಡೆಯನ್ನೋ ಮನುಷ್ಯರ ಮೈಯನ್ನೋ ತಾಗದಿರುವುದು. ಅದು ಹೋಯಿತು. ಗೇನೂ (ಒಂದು ದಿಕ್ಕಿಗೆ ಸಿಗ್ನಲ್ ಒಟ್ಟುಗೂಡಿಸುವ ಶಕ್ತಿ) ಹೋಯಿತು. ಎಲ್ಲಾ ದಿಕ್ಕಿಗೂ ಸಿಗ್ನಲ್ ಬೇಕಿದ್ದರೆ ಅದು ಒಳ್ಳೆಯ ಆಂಟೆನಾನೇ, ಹೆಸರು ಸರಿಯಾಗಿ ಬರೆಯಿರಿ. "ಪ್ಯಾಚಿನ ಬ್ಯಾಂಡ್‌ವಿಡ್ತ್ ಹೆಚ್ಚಿಸಿದೆ" ಅಂತ ರಿಪೋರ್ಟಿನಲ್ಲಿ ಬರೆಯಬೇಡಿ. ಎಸ್11 ಗ್ರಾಫ್ ಒಂದೇ ಹಿಡಿದು ಬಂದವರಿಗೆ ನಾನು ಕೇಳುವುದು ಮೂರು: ಬ್ಯಾಂಡಿನ ಉದ್ದಕ್ಕೂ ಗೇನ್ ಎಷ್ಟು, ಎಫಿಶಿಯನ್ಸಿ (ಕೊಟ್ಟದ್ದರಲ್ಲಿ ಗಾಳಿಗೆ ಹೋದ ಪಾಲು) ಎಷ್ಟು, ಬೀಮ್ ಯಾವ ಕಡೆ ಇದೆ.

ಲೆಕ್ಕದಲ್ಲಿ ಶೇ. 1.1 ಬಂತು, ಎಫ್‌ಆರ್4 ಬೋರ್ಡಿನಲ್ಲಿ ಅಳೆದರೆ ಶೇ. 2.5. ಖುಷಿ ಪಡಬಹುದಾ?

ಗಂಟೆಗೆ ಒದ್ದೆ ಗೋಣಿ ಸುತ್ತಿ ಹೊಡೆಯಿರಿ. ಯಾವ ಸ್ವರಕ್ಕೂ ಅದು ಗುಂಯ್ ಅನ್ನುವುದಿಲ್ಲ. ಎಲ್ಲಾ ಸ್ವರಕ್ಕೂ ಒಂದೇ ರೀತಿ ಇದೆ, ಆದರೆ ಸದ್ದೇ ಇಲ್ಲ. ಎಫ್‌ಆರ್4ನಲ್ಲಿ ಆಗುವುದು ಅದೇ. ಅದು ಎಷ್ಟು ಶಕ್ತಿ ನುಂಗುತ್ತದೆ ಅಂತ ಹೇಳುವ ಲಾಸ್ ಟ್ಯಾಂಜೆಂಟ್ ಸುಮಾರು 0.02. 1.6 ಮಿ.ಮೀ. ಬೋರ್ಡಿನಲ್ಲಿ 2.4 ಗಿಗಾಹರ್ಟ್ಸ್‌ಗೆ ಮಾಡಿದ ಪ್ಯಾಚಿಗೆ ಕೊಟ್ಟ ಪವರ್‌ನಲ್ಲಿ ಅರ್ಧದಷ್ಟು ಬೋರ್ಡನ್ನು ಬಿಸಿ ಮಾಡಲು ಹೋಗುತ್ತದೆ. ವಾಪಸ್ ಬರಲಿಲ್ಲ, ಹಾಗಾಗಿ ಎಸ್11 ಚೆನ್ನಾಗಿ ಕಾಣುತ್ತದೆ. ಗಾಳಿಗೂ ಹೋಗಲಿಲ್ಲ. ಮೊದಲೇ ಹೇಳಿದ್ದೆ ಅಲ್ವಾ? ಆ ಹೆಚ್ಚಿನ ಬ್ಯಾಂಡ್‌ವಿಡ್ತ್ ಗಳಿಸಿದ್ದಲ್ಲ, ಕಳೆದುಕೊಂಡದ್ದರ ಗುರುತು.

ಮಳೆಗಾಲದಲ್ಲಿ ಆಂಟೆನಾ ಯಾಕೆ ಕೈ ಕೊಡುತ್ತದೆ?

ನೀರಿನ ಡೈಎಲೆಕ್ಟ್ರಿಕ್ ಸಂಖ್ಯೆ ಸುಮಾರು 80. ಪ್ಯಾಚಿನ ಮೇಲೆ ತೆಳು ನೀರಿನ ಪದರ ಕೂತರೂ ಫ್ರೀಕ್ವೆನ್ಸಿ ಕೆಳಗೆ ಜಾರುತ್ತದೆ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ತಂದು, ಅನಲೈಸರಿಗೆ ಕಟ್ಟಿದ ಪ್ಯಾಚಿನ ಮೇಲೆ ಎರಡು ಸಲ ಒತ್ತಿ ನೋಡಿ. ಕಣಿವೆ ಎಡಕ್ಕೆ ನಡೆಯುವುದು ಕಣ್ಣಿಗೇ ಕಾಣುತ್ತದೆ. ಒರೆಸಿದರೆ ವಾಪಸ್ ಬರುತ್ತದೆ. ಸಪೂರ ಬ್ಯಾಂಡಿನ ಆಂಟೆನಾಗೆ ಇದು ಕಂಟಕ, ಅಗಲ ಬ್ಯಾಂಡಿನದು ತಡೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಬ್ಯಾಂಡ್‌ವಿಡ್ತ್ ಹೆಚ್ಚಿಸಲು ಇದೂ ಒಂದು ಒಳ್ಳೆಯ ಕಾರಣ.

ಉಪ್ಪು ಗಾಳಿಯದ್ದು ಬೇರೆ ಕಥೆ. ಕೋಡಿಬಾಗದ ಒಂದು ತಾರಸಿ ಮೇಲೆ ನಾನಿಟ್ಟ ಪ್ಯಾಚ್ ಒಂದೇ ಮಳೆಗಾಲಕ್ಕೆ ಹಸಿರು ಹಿಡಿಯಿತು. ಪ್ಯಾಚ್ ಇನ್ನೂ ನಡೆಯುತ್ತಿತ್ತು, ಕನೆಕ್ಟರಿನೊಳಗೆ ನೀರು ಇಳಿದು ಕೇಬಲ್ ಹಾಳಾಗಿತ್ತು. ಆಮೇಲಿಂದ ಮೂರು ಕೆಲಸ ತಪ್ಪಿಸುವುದಿಲ್ಲ: ತಾಮ್ರಕ್ಕೆ ವಾರ್ನಿಶ್, ಕನೆಕ್ಟರಿಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಕೇಬಲ್ಲಿಗೆ ಕೆಳಮುಖವಾಗಿ ಒಂದು ಸುತ್ತು, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚುವುದಾದರೆ ಮುಚ್ಚಳ ಹಾಕಿದ ಮೇಲೆಯೇ ಟ್ಯೂನ್ ಮಾಡಿ. ಮುಚ್ಚಳವೂ ಫ್ರೀಕ್ವೆನ್ಸಿ ಇಳಿಸುತ್ತದೆ.

ಮಾಸ್ತರರೇ, ಬೋಟಿನ ಜಿಪಿಎಸ್ ಆಂಟೆನಾದ ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೆ ನಾವಿಕ್ (ಜಿಪಿಎಸ್ ತರಹದ ನಮ್ಮ ದೇಶದ ಉಪಗ್ರಹ ವ್ಯವಸ್ಥೆ) ಕೂಡ ಸಿಗುತ್ತದಾ?

ಜಿಪಿಎಸ್ ಡಬ್ಬಿಯಲ್ಲಿರುವುದು ಸಾಮಾನ್ಯವಾಗಿ 25 ಮಿ.ಮೀ. ಚೌಕದ ಸೆರಾಮಿಕ್ ಪ್ಯಾಚ್. ಅದು ಎಲ್1ಕ್ಕೆ ಮಾತ್ರ ಅಂತಲೇ ಮಾಡಿದ್ದು. ನಾವಿಕ್‌ನ ಎಲ್5 ಸಿಗ್ನಲ್ ಇರುವುದು 1176.45 ಮೆಗಾಹರ್ಟ್ಸ್‌ನಲ್ಲಿ. ಇವೆರಡನ್ನೂ ಒಂದೇ ಅಗಲ ಕಣಿವೆಯಲ್ಲಿ ಹಿಡಿಯಲು ಹೋದರೆ ಶೇ. 29 ಬೇಕು, ನಡುವಿನ ಬೇಡದ ಗದ್ದಲವನ್ನೂ ಒಳಗೆ ಬಿಟ್ಟುಕೊಂಡ ಹಾಗೆ. ಅದರ ಬದಲು ಒಂದರ ಮೇಲೊಂದು ಇಟ್ಟ ಎರಡು ಪ್ಯಾಚಿನ ಡ್ಯುಯಲ್ ಬ್ಯಾಂಡ್ ಆಂಟೆನಾ ತಗೊಳ್ಳಿ. 2023ರಲ್ಲಿ ಹಾರಿಸಿದ ಎನ್‌ವಿಎಸ್-01 ಉಪಗ್ರಹದಿಂದ ನಾವಿಕ್ ಎಲ್1ರಲ್ಲೂ ಸಿಗ್ನಲ್ ಕೊಡುತ್ತಿದೆ. ಆದರೆ ಆಂಟೆನಾ ಹಿಡಿದರೆ ಸಾಲದು, ರಿಸೀವರ್ ಚಿಪ್ಪಿಗೂ ನಾವಿಕ್ ಅರ್ಥ ಆಗಬೇಕು.

ಜಿಪಿಎಸ್‌ನಂತೆ ವೃತ್ತಾಕಾರದ (ತರಂಗ ತಿರುಗುತ್ತಾ ಸಾಗುವ) ಪೋಲರೈಸೇಶನ್ ಇರುವ ಪ್ಯಾಚ್‌ಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೂಲೆ ಕತ್ತರಿಸಿ ಒಂದೇ ಫೀಡ್ ಕೊಟ್ಟಾಗ, ಪೋಲರೈಸೇಶನ್ ಸರಿಯಿರುವ ಅಗಲ ಎಸ್11 ತೋರಿಸುವ ಅಗಲಕ್ಕಿಂತ ಎಷ್ಟೋ ಕಡಿಮೆ. ಎರಡು ಫೀಡ್ ಕೊಟ್ಟರೆ ಅದು ಹಿಗ್ಗುತ್ತದೆ.

ಎಐಎಸ್‌ಗೆ ಪ್ಯಾಚ್ ಮಾಡಬಹುದಾ?

ಬೇಡ. ಎಐಎಸ್ (ಬೋಟು, ಹಡಗು ತಾನಿರುವ ಜಾಗವನ್ನು ಸುತ್ತಲಿನವರಿಗೆ ತಿಳಿಸುವ ರೇಡಿಯೋ) ಇರುವುದು 162 ಮೆಗಾಹರ್ಟ್ಸ್ ಹತ್ತಿರ, ಅರ್ಧ ತರಂಗಾಂತರವೇ 92 ಸೆಂ.ಮೀ. ನೆಟ್ಟಗೆ ನಿಲ್ಲುವ ಕೋಲಿನ ಆಂಟೆನಾನೇ ಸರಿ. ಸುತ್ತಲಿನ ಎಲ್ಲಾ ಬೋಟುಗಳಿಗೂ ಸಿಗಬೇಕಲ್ಲ.

ಶಿರಸಿ ಹತ್ತಿರ ನಮ್ಮ ಮನೆ ಕಣಿವೆಯಲ್ಲಿದೆ. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್. ಪ್ಯಾಚ್ ಆಂಟೆನಾ ಸಹಾಯ ಮಾಡುತ್ತದಾ?

ಮಾಡುತ್ತದೆ, ಎಲ್ಲಾದರೂ ಒಂದಿಷ್ಟು ಸಿಗ್ನಲ್ ಇದ್ದರೆ. ಮಾಡಿನ ಮೇಲೋ ತೋಟದ ಅಂಚಿನ ಕಂಬದ ಮೇಲೋ ಒಂದು ಕಡ್ಡಿ ಬರುತ್ತದೆ ಅಂದರೆ ಅಲ್ಲಿ ಟವರಿನ ದಿಕ್ಕಿಗೆ ಪ್ಯಾಚ್ ಇಟ್ಟು, ಹೊರಗಿನ ಆಂಟೆನಾ ಸಿಕ್ಕಿಸಲು ಜಾಗ ಇರುವ 4ಜಿ ರೂಟರಿಗೆ ಕಟ್ಟಿ. ಮೊದಲು ಫೋನಿನಲ್ಲಿ ಯಾವ ಬ್ಯಾಂಡ್ ಬರುತ್ತಿದೆ ನೋಡಿ. 2300–2400ರ ಬ್ಯಾಂಡ್ ಆದರೆ ಶೇ. 4.3 ಸಾಕು, ಮೀನಿನ ಪೆಟ್ಟಿಗೆಯ 6 ಮಿ.ಮೀ. ಪ್ಯಾಚನ್ನೇ ಉದ್ದ ಸ್ವಲ್ಪ ಹೆಚ್ಚಿಸಿ ಬಳಸಬಹುದು. 1800 ಆದರೆ ಗಾಳಿ ಪದರ 10–12 ಮಿ.ಮೀ.ಗೆ ಏರಿಸಬೇಕು, ಜೊತೆಗೆ ಎಲ್-ಪ್ರೋಬ್. ಕೇಬಲ್ ಚಿಕ್ಕದಿರಲಿ. 20 ಮೀಟರ್ ಸಪೂರ ಕೇಬಲ್ ಎಳೆದರೆ ಆಂಟೆನಾ ತಂದ ಗೇನನ್ನೆಲ್ಲ ಕೇಬಲ್ಲೇ ತಿನ್ನುತ್ತದೆ. ರೂಟರನ್ನೇ ಆಂಟೆನಾ ಹತ್ತಿರ ಒಯ್ಯಿರಿ.

ಅಂಗಡಿಯಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ಹಾಕಬೇಡಿ. ಅನುಮತಿ ಇಲ್ಲದೆ ಅದನ್ನು ಬಳಸುವುದು ಕಾನೂನಿಗೆ ವಿರುದ್ಧ. ಅದು ಕೆಟ್ಟು ಕಿರುಚತೊಡಗಿದರೆ ಇಡೀ ಊರಿನ ಫೋನು ನಿಲ್ಲುತ್ತದೆ.

ಅಳೆಯಲು ಯಾವ ಉಪಕರಣ ಬೇಕು?

ನ್ಯಾನೋವಿಎನ್‌ಎ ಅನ್ನುವ ಚಿಕ್ಕ ಅನಲೈಸರ್ ಸಾಕು, ಆದರೆ ಯಾವುದು ಅಂತ ನೋಡಿ ತಗೊಳ್ಳಿ. ಹಳೆಯ ಚಿಕ್ಕದು 1.5 ಗಿಗಾಹರ್ಟ್ಸ್‌ಗೆ ಸುಸ್ತಾಗುತ್ತದೆ. ವೈಫೈಗೆ 3 ಗಿಗಾಹರ್ಟ್ಸ್ ವರೆಗೆ ಹೋಗುವುದು ಬೇಕು. ಪ್ರತಿ ಸಲ ಕೇಬಲ್ಲಿನ ತುದಿಯಲ್ಲಿ ಕ್ಯಾಲಿಬ್ರೇಶನ್ ಮಾಡಿ. ಮೇಜಿನ ಮೇಲಿನ ಕಬ್ಬಿಣದ ಸಾಮಾನು ದೂರ ಸರಿಸಿ, ಪ್ಯಾಚಿನ ಮುಖ ಕಿಟಕಿಯ ಕಡೆಗೆ ಇರಲಿ.

ಅಡಿಕೆ ಹಾಳೆಯನ್ನು ಸಬ್‌ಸ್ಟ್ರೇಟ್ ಮಾಡಬಹುದಾ?

ಸಿದ್ದಾಪುರದ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ನನಗೆ ತುಂಬಾ ಇಷ್ಟವಾಯಿತು, ಇಬ್ಬರೂ ಸೇರಿ ಮಾಡಿಯೇ ನೋಡಿದೆವು. ಊಟದ ತಟ್ಟೆ ಮಾಡಲು ಬಿಸಿ ಒತ್ತಿದ ಹಾಳೆ ಚಪ್ಪಟೆಯಾಗಿರುತ್ತದೆ, ತಾಮ್ರದ ಟೇಪ್ ಚೆನ್ನಾಗಿ ಹಿಡಿಯುತ್ತದೆ. ಏಪ್ರಿಲ್‌ನ ಒಣ ಮಧ್ಯಾಹ್ನ ಕಣಿವೆ ಸರಿಯಾದ ಜಾಗದಲ್ಲೇ ಬಂತು. ಜೂನ್‌ನಲ್ಲಿ ಅದೇ ತುಂಡನ್ನು ಮತ್ತೆ ಅಳೆದೆವು. ಹಾಳೆ ಗಾಳಿಯ ತೇವ ಕುಡಿದು, ಕಣಿವೆ ಕೆಳಗೆ ಜಾರಿ ಅಗಲವಾಗಿತ್ತು. ಆಂಟೆನಾ ಆಗಿ ಅದು ನಿಲ್ಲುವುದಿಲ್ಲ. ತೇವ ಅಳೆಯುವ ಸೆನ್ಸಾರ್ ಆದೀತು ಅಂತ ಆಕೆ ಈಗ ಅದರ ಹಿಂದೆ ಬಿದ್ದಿದ್ದಾಳೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಈ ಬೇಸಿಗೆಗೆ ಮೊದಲ ತುಂಡು ಇಡುತ್ತೇವೆ.